ಹಿಂದಿನ ಸೀಟಿನ ತುರುಬು

ಸಿಗ್ನಲ್ಲಿನ ಕ್ಯಾಮೆರಾ ತೆಗೆದ ಫೋಟೋ ನನ್ನ ಫೋನಿಗೆ ಬಂದಾಗ ಅದನ್ನು ಮೊದಲು ನೋಡಿದವರು ನಮ್ಮತ್ತೆ. ನಾನು ಒಲೆಯ ಮುಂದಿದ್ದೆ. ದಂಡ ಕಟ್ಟಿ ಎಂದು ಕೆಳಗೆ ಬರೆದದ್ದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವರು ಕಣ್ತುಂಬ ನೋಡಿದರು. ಜಾಲಹಳ್ಳಿಯ ಹತ್ತಿರ ನಮ್ಮ ಹಳೆಯ ಸ್ಕೂಟರು. ಮುಂದೆ ಹೆಲ್ಮೆಟ್ಟಿನೊಳಗೆ ಮುಖವೇ ಇಲ್ಲದ ನಾನು. ಹಿಂದೆ, ಎರಡೂ ಕಾಲನ್ನು ಒಂದೇ ಕಡೆಗೆ ಇಳಿಬಿಟ್ಟು, ಬರಿತಲೆಯಲ್ಲಿ, ಎಣ್ಣೆ ಹಚ್ಚಿ ಬಿಗಿದ ದೊಡ್ಡ ತುರುಬಿನೊಂದಿಗೆ ಅತ್ತೆ. ಏನೋ ನೆನೆಸಿಕೊಂಡು ನಗುತ್ತಿದ್ದರು.

"ಎಷ್ಟು ಚೆನ್ನಾಗ್ ಬಂದಿದೆ ನೋಡೇ. ಮದ್ವೆ ಮನೆ ಫೋಟೋದವನು ನಗಿ ನಗಿ ಅಂತ ಬಡ್ಕೊಂಡ್ರೂ ನಾನು ಹಿಂಗೆ ನಕ್ಕಿಲ್ಲ. ಇದನ್ನ ದೊಡ್ಡದ್ ಮಾಡ್ಸಿ ಕಟ್ಟು ಹಾಕ್ಸು" ಎಂದರು.

"ಅತ್ತೆ, ಅದು ದಂಡದ ನೋಟಿಸು. ನೀವು ಹೆಲ್ಮೆಟ್ ಹಾಕಿಲ್ಲ ಅಂತ ಕಳ್ಸಿದಾರೆ."

"ಹಾಕಿದ್ರೆ ಮುಖ ಎಲ್ಲಿ ಕಾಣ್ತಿತ್ತು?"

ನಾನು ಫೋನನ್ನು ಗಂಡನ ಕೈಗೆ ಕೊಟ್ಟೆ. ಅವರು ಫೋಟೋ ನೋಡಿ, ಎರಡು ಬೆರಳಿನಿಂದ ದೊಡ್ಡದು ಮಾಡಿ, ತಾಯಿಯ ಬರಿತಲೆಯನ್ನೂ ಪಕ್ಕದಲ್ಲೇ ಇದ್ದ ಲಾರಿಯ ಚಕ್ರವನ್ನೂ ಸ್ವಲ್ಪ ಹೊತ್ತು ನೋಡಿದರು. "ಇನ್ಮೇಲೆ ಹೆಲ್ಮೆಟ್ ಇಲ್ದೆ ಸ್ಕೂಟರ್ ಹತ್ತೋ ಹಾಗಿಲ್ಲ ಅಮ್ಮ. ಆ ಹಳೇ ಗಾಡೀನೂ ಬೇಡ. ಹೊಸದು ತಗೊಳ್ಳೋಣ, ಎಲ್ಲಾ ಸರಿಯಾಗ್ ಮಾಡೋಣ" ಎಂದರು. ನಮ್ಮ ಮನೆಯಲ್ಲಿ ಎಲ್ಲ ಸರಿಯಾಗಿ ಮಾಡೋಣ ಎಂದು ಯಾರಾದರೂ ಅಂದಾಗಲೆಲ್ಲ ನಾನು ಮೊದಲು ಪರ್ಸು ಮುಟ್ಟಿ ನೋಡಿಕೊಳ್ಳುತ್ತೇನೆ.

ಅತ್ತೆ ದಿನಾ ನನ್ನ ಹಿಂದೆ ಕೂರುವುದಕ್ಕೆ ಕಾರಣವಿದೆ. ನಾವಿರುವುದು ಯಲಹಂಕದ ಪುಟ್ಟೇನಹಳ್ಳಿಯಲ್ಲಿ. ನನ್ನ ಕೆಲಸ ಯಶವಂತಪುರದ ಒಂದು ಲಾರಿ ಬುಕಿಂಗ್ ಆಫೀಸಿನಲ್ಲಿ. ದಾರಿಯಲ್ಲಿ ಸಿಗುವ ಮತ್ತೀಕೆರೆಯಲ್ಲಿ ಅತ್ತೆಯ ಅಕ್ಕ ಇದ್ದಾರೆ, ನನಗೆ ದೊಡ್ಡತ್ತೆ. ಅವರಿಗೆ ಎಂಬತ್ತು ದಾಟಿದೆ, ಕಣ್ಣು ಪೂರ್ತಿ ಹೋಗಿದೆ. ಮಗ ಸೊಸೆ ಇಬ್ಬರೂ ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಹಾಗಾಗಿ ನಾನು ದಿನಾ ಆಫೀಸಿಗೆ ಹೋಗುವಾಗ ಅತ್ತೆಯನ್ನು ಅಲ್ಲಿ ಇಳಿಸಿ, ಬರುವಾಗ ಹತ್ತಿಸಿಕೊಂಡು ಬರುತ್ತೇನೆ. ಅಕ್ಕ ತಂಗಿ ಸಂಜೆಯವರೆಗೆ ಜಗಳವಾಡುತ್ತಾರೆ. ಆಡದಿದ್ದ ದಿನ ಅತ್ತೆಗೆ ಊಟ ಸೇರುವುದಿಲ್ಲ.

ಸ್ಕೂಟರ್ ಬಿಟ್ಟರೆ ಬೇರೆ ದಾರಿ ಇಲ್ಲ. ತಲೆಯ ಮೇಲೆ ಸೂರಿರುವ ಯಾವ ವಾಹನವೂ ಅತ್ತೆಗೆ ಆಗುವುದಿಲ್ಲ. ಬಸ್ಸು, ಕಾರು ಹೋಗಲಿ, ಎರಡೂ ಪಕ್ಕ ಗಾಳಿ ಆಡುವ ಆಟೋದಲ್ಲೂ ಐದೇ ನಿಮಿಷಕ್ಕೆ ವಾಂತಿ. ಡಾಕ್ಟರು ಕಿವಿಯೊಳಗಿನ ತೊಂದರೆ ಅಂದರು. ಅತ್ತೆ ಆ ಡಾಕ್ಟರಿಗೇ ಏನೂ ಗೊತ್ತಿಲ್ಲ ಅಂದರು. ಅಂತೂ ಅಕ್ಕನಿಗೂ ತಂಗಿಗೂ ನಡುವೆ ಇದ್ದದ್ದು ನನ್ನ ಸ್ಕೂಟರಿನ ಹಿಂದಿನ ಸೀಟು ಒಂದೇ.

ಹಳೆಯ ಗಾಡಿ ಹೋಗಬೇಕಾದದ್ದೇ ಅನ್ನಿ. ಅದರ ಬ್ರೇಕು ಎಷ್ಟು ಸವೆದಿತ್ತೆಂದರೆ ದೊಡ್ಡತ್ತೆಯ ಮನೆಯ ಮುಂದೆ ನಿಲ್ಲಿಸಲು ನಾನು ಎರಡು ಮನೆ ಮೊದಲೇ ಹಿಡಿಯುತ್ತಿದ್ದೆ. ಹೊಸದನ್ನು ನೋಡಲು ಶೋರೂಮಿಗೆ ಹೊರಟಾಗ ಅತ್ತೆಯೂ ಎದ್ದು ನಿಂತರು. ಹೆಲ್ಮೆಟ್ ಇಲ್ಲದೆ ಸ್ಕೂಟರ್ ಹತ್ತುವಂತಿರಲಿಲ್ಲವಾದ್ದರಿಂದ ಯಲಹಂಕ ನ್ಯೂ ಟೌನಿನವರೆಗೆ ಮೂವರೂ ನಡೆದೇ ಹೋದೆವು.

ಟೈ ಕಟ್ಟಿದ್ದ ಸೇಲ್ಸಿನವನು ಮೈಲೇಜು, ಬ್ಯಾಟರಿ, ಫೋನ್ ಚಾರ್ಜ್ ಮಾಡುವ ಜಾಗ ಎಂದೆಲ್ಲ ಹೇಳುತ್ತಿದ್ದ. ಅತ್ತೆ ಅವನನ್ನು ತಡೆದು, "ಇವಳು ಮುಂದೆ ಕೂರ್ತಾಳೆ, ರಸ್ತೆ ನೋಡ್ಕೊಂಡಿರ್ತಾಳೆ. ಗುಂಡಿ ಗೊತ್ತಾಗೋದು ನನಗೆ ಕಣಪ್ಪ. ಹಿಂದಿನ ಸೀಟ್ ತೋರ್ಸು" ಎಂದರು. ಅವನು ಒಂದು ಗಾಡಿಗೆ ಸ್ಟ್ಯಾಂಡ್ ಹಾಕಿ ಕೂರಿಸಿದ. ಅತ್ತೆ ಸೆರಗು ಸಿಕ್ಕಿಸಿಕೊಂಡು ಪಕ್ಕಕ್ಕೆ ಕಾಲು ಹಾಕಿ ಕೂತು, ನನ್ನನ್ನು ಮುಂದೆ ಕೂರಲು ಹೇಳಿ, ಕಣ್ಣು ಮುಚ್ಚಿದರು. "ಹೂಂ, ಹೊರಡು."

"ಎಲ್ಲಿಗೆ ಅತ್ತೆ? ಇದು ಶೋರೂಮು."

"ಮತ್ತೀಕೆರೆಗೆ."

ನಾನು ಹ್ಯಾಂಡಲ್ ಹಿಡಿದು ಕೂತೆ. ಅತ್ತೆ ಹಿಂದಿನಿಂದ ರಸ್ತೆ ಹೇಳತೊಡಗಿದರು. "ಎಮ್ಮೆಸ್ ಪಾಳ್ಯ ಬಂತು. ಇಲ್ಲಿ ಹಂಪ್ ಇದೆ. ಏ ಹುಡುಗಾ, ಅಲ್ಲಾಡ್ಸೋ." ಸೇಲ್ಸಿನವನು ನನ್ನ ಗಂಡನ ಮುಖ ನೋಡಿದ. ಅವರು ಮಾಡಪ್ಪ ಎಂಬಂತೆ ತಲೆಯಾಡಿಸಿದರು. ಅವನು ಹಿಂದಿನಿಂದ ಗಾಡಿ ಹಿಡಿದು ಒಮ್ಮೆ ಎತ್ತಿ ಕುಕ್ಕಿದ. "ಅಷ್ಟಲ್ಲ, ಅಲ್ಲಿ ಎರಡಿವೆ." ಇನ್ನೊಮ್ಮೆ ಕುಕ್ಕಿದ. ಗಂಗಮ್ಮನ ಗುಡಿ ಸರ್ಕಲ್ಲಿನ ಹೊತ್ತಿಗೆ ಅವನಿಗೂ ಹುರುಪು ಬಂದು, ಇನ್ನೊಬ್ಬನನ್ನು ಕರೆದು ಎಡದಿಂದ ಬಸ್ಸು ಬಂದಂತೆ ನುಗ್ಗಲು ಹೇಳಿದ. ಆ ಮಧ್ಯಾಹ್ನ ಅತ್ತೆ ಆರು ಗಾಡಿಗಳಲ್ಲಿ ಆರು ಸಲ ಮತ್ತೀಕೆರೆಗೆ ಹೋದರು. ಆರನೆಯದಕ್ಕೆ ಪಕ್ಕಕ್ಕೆ ಕೂರುವವರು ಕಾಲಿಡಲು ಅಗಲವಾದ ಪಟ್ಟಿ ಇತ್ತು, ಸೀಟು ಜಾರುತ್ತಿರಲಿಲ್ಲ. ಕಣ್ಣು ಬಿಟ್ಟು, "ಇದು ಸರಿ. ಸೊಂಟ ಸೊಂಟದಲ್ಲೇ ಇದೆ" ಎಂದರು. ಅದನ್ನೇ ತೆಗೆದುಕೊಂಡೆವು. ಬಣ್ಣ ಯಾವುದೆಂದು ನನ್ನನ್ನು ಯಾರೂ ಕೇಳಲಿಲ್ಲ.

ಅಲ್ಲಿಂದ ಎರಡು ಅಂಗಡಿ ಆಚೆಗೆ ಹೆಲ್ಮೆಟ್ಟಿನ ಅಂಗಡಿ. ಕಷ್ಟ ಶುರುವಾದದ್ದು ಅಲ್ಲಿ.

ನಮ್ಮತ್ತೆಯ ತುರುಬಿನ ಬಗ್ಗೆ ಹೇಳಬೇಕು. ಚೌರಿ ಸೇರಿಸಿದ್ದಲ್ಲ, ಎಪ್ಪತ್ತನಾಲ್ಕರ ವಯಸ್ಸಿನಲ್ಲೂ ಎಲ್ಲ ಸ್ವಂತದ್ದು. ಹಿಂಭಾಗದಲ್ಲಿ ಒಂದು ದೊಡ್ಡ ಮೂಸಂಬಿಯಷ್ಟು ಇರುತ್ತದೆ. ಮಧ್ಯಮ ಗಾತ್ರದ ಹೆಲ್ಮೆಟ್ಟು ಕಿವಿಯ ಹತ್ತಿರಕ್ಕೂ ಬರಲಿಲ್ಲ. ಅಂಗಡಿಯವನು ದೊಡ್ಡದು ತಂದ, ಅದಕ್ಕಿಂತ ದೊಡ್ಡದು ತಂದ. ಕೊನೆಗೆ ಮೇಲಿನ ಅಟ್ಟದಿಂದ ಧೂಳು ಒರೆಸಿ ಒಂದನ್ನು ಇಳಿಸಿದ. ಇಷ್ಟು ದಪ್ಪ ತಲೆ ಯಾರಿಗಿರುತ್ತದೆಂದು ಅವನೇ ಯೋಚಿಸಿರಲಿಲ್ಲವಂತೆ, ಕಂಪನಿಯವರು ಕಳಿಸಿದ್ದರಂತೆ. ಅದು ಸಿಂಬೆಯ ಮೇಲಿಟ್ಟ ಬಿಂದಿಗೆಯ ಹಾಗೆ ತುರುಬಿನ ಮೇಲೆ ಕೂತು ಮುಂದಕ್ಕೆ ವಾಲಿ ಅತ್ತೆಯ ಮುಖ ಮುಚ್ಚಿತು.

"ಹಿಂದ್ಗಡೆ ಒಂದು ತೂತ್ ಮಾಡ್ಕೊಡ್ತೀರಾ?" ಎಂದು ಒಳಗಿನಿಂದ ಧ್ವನಿ ಬಂತು.

"ತೂತ್ ಮಾಡಿದ್ರೆ ಅದು ಹೆಲ್ಮೆಟ್ ಅಲ್ಲ ಅಮ್ಮಾ, ಹೂವಿನ ಕುಂಡ. ಆ ಗಂಟು ಬಿಚ್ಬಿಡಿ, ಎಲ್ಲಾ ಸೈಜೂ ಆಗುತ್ತೆ."

ಅತ್ತೆ ಹೆಲ್ಮೆಟ್ಟು ತೆಗೆದು ಗಾಜಿನ ಮೇಜಿನ ಮೇಲಿಟ್ಟು, "ಗಂಟು ಬಿಚ್ಚಲ್ಲ" ಎಂದು ಹೊರಗೆ ಹೋಗಿ ನಿಂತರು.

ನನ್ನ ಗಂಡ ಬಿಡಲಿಲ್ಲ. ಮಧ್ಯಮ ಗಾತ್ರದ್ದನ್ನೇ ಕೊಂಡರು. ಅದೇ ಭರದಲ್ಲಿ ನನಗೂ ಸಾಮಾನು ಬಿತ್ತು. ಭುಜಕ್ಕೂ ಮೊಣಕೈಗೂ ಗಟ್ಟಿ ದಿಂಬು ಹಾಕಿ ಹೊಲಿದ ಜಾಕೆಟ್ಟು, ಮೊಣಕಾಲಿಗೆ ಚಿಪ್ಪು, ಗೆಣ್ಣಿನ ಮೇಲೆ ಉಬ್ಬಿದ ಗ್ಲೌಸು, ಮಳೆಗೆ ಮೇಲೊಂದು ಅಂಗಿ, ಕೆಳಗೊಂದು ಪ್ಯಾಂಟು. ಸೋಮವಾರ ನಾನು ಅದೆಲ್ಲ ತೊಟ್ಟು ಲಾರಿ ಆಫೀಸಿಗೆ ಕಾಲಿಟ್ಟಾಗ ಇಬ್ಬರು ಡ್ರೈವರುಗಳು ಬೀಡಿ ಆರಿಸಿ ಎದ್ದು ನಿಂತರು. ಆ ಆಫೀಸಿನಲ್ಲಿ ಅಷ್ಟು ವರ್ಷ ದುಡಿದರೂ ಸಿಗದ ಮರ್ಯಾದೆ ಅದು. ಮೊಣಕಾಲಿನ ಚಿಪ್ಪಿನಿಂದಾಗಿ ಕುರ್ಚಿಯಲ್ಲಿ ಕೂರಲಾಗಲಿಲ್ಲ ಅನ್ನುವುದು ಬೇರೆ ಮಾತು.

ಆದರೆ ಹಿಂದಿನ ಸೀಟು ಖಾಲಿ ಇತ್ತು. ಅತ್ತೆಯ ಹೆಲ್ಮೆಟ್ಟು ದೇವರ ಕ್ಯಾಲೆಂಡರಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ದಿನಾ ಬೆಳಗ್ಗೆ ಮತ್ತೀಕೆರೆಯಿಂದ ದೊಡ್ಡತ್ತೆ ಫೋನ್ ಮಾಡುತ್ತಿದ್ದರು, ಅತ್ತೆ ದಿನಕ್ಕೊಂದು ಸುಳ್ಳು ಹೇಳುತ್ತಿದ್ದರು. ಗಾಡಿಗೆ ಪೂಜೆ ಆಗಿಲ್ಲ ಅಕ್ಕ. ಪೂಜಾರಪ್ಪಂಗೆ ಜ್ವರ ಅಕ್ಕ. ಚಕ್ರದಡಿಗೆ ಇಡಕ್ಕೆ ಒಳ್ಳೇ ನಿಂಬೆಹಣ್ಣೇ ಸಿಗ್ತಿಲ್ಲ ಅಕ್ಕ. ಫೋನ್ ಇಟ್ಟ ಮೇಲೆ ಗೋಡೆ ಕಡೆ ತಿರುಗಿ ಕೂರುತ್ತಿದ್ದರು. ಮಗ ಬೇಡಿಕೊಂಡರು, ಬೈದರು. ನಾನೂ ಒಂದು ದಿನ ತಾಳ್ಮೆಗೆಟ್ಟು, "ಈ ವಯಸ್ಸಲ್ಲಿ ಅಲಂಕಾರದ ಹಟ ಯಾಕತ್ತೆ?" ಎಂದುಬಿಟ್ಟೆ. ಆ ಮಾತಿಗೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಎಂಟನೆಯ ದಿನ ಸಾರಿನ ಡಬ್ಬಿ ಕೊಡಲು ನಾನೊಬ್ಬಳೇ ದೊಡ್ಡತ್ತೆಯ ಮನೆಗೆ ಹೋದೆ. ಅವರು ಬಾಗಿಲಿಗೆ ಹತ್ತಿರ ಚಾಪೆಯ ಮೇಲೆ ಕೂತಿದ್ದರು. ಮುಂದೆ ಸ್ಟೀಲಿನ ತಟ್ಟೆಯಲ್ಲಿ ಬಾಚಣಿಗೆ, ಎಣ್ಣೆಯ ಬಟ್ಟಲು, ಹನ್ನೊಂದು ಪಿನ್ನು.

"ಅವಳು ಬಂದ್ಲಾ?" ಎಂದರು. ಇಲ್ಲ ಎಂದಾಗ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ಅವಳ ತಲೆ ಕಟ್ಟೋದೊಂದೇ ನನ್ನ ಕೈಲಿ ಆಗೋ ಕೆಲಸ ಕಣಮ್ಮ. ಅಡಿಗೆ ಬಿಡ್ಸಿದ್ರು, ಹೂ ಕಟ್ಟೋದೂ ಹೋಯ್ತು. ದಿನಾ ಬೆಳಗ್ಗೆ ಬಂದ್ ತಕ್ಷಣ ಅವಳ ತುರುಬು ಮುಟ್ಟಿ ನೋಡ್ತೀನಿ. ನೆನ್ನೆ ಕಟ್ಟಿದ್ದು ಒಂದು ಕೂದ್ಲೂ ಅಲ್ಲಾಡಿರಲ್ಲ. ಕಣ್ಣು ಹೋದ್ರೂ ಕೈ ಹೋಗಿಲ್ಲ ಅನ್ಸುತ್ತೆ. ಆಮೇಲೆ ಬಿಚ್ಚಿ ಎಣ್ಣೆ ಹಚ್ಚಿ ಮತ್ತೆ ಕಟ್ತೀನಿ."

ಆಗ ಅರ್ಥವಾಯಿತು. ಅತ್ತೆ ವರ್ಷಗಳಿಂದ ಒಂದೇ ಮಗ್ಗುಲಿಗೆ ಮಲಗುವುದು, ಕತ್ತಿನ ಕೆಳಗೆ ಪುಟ್ಟ ದಿಂಬು ಇಟ್ಟುಕೊಳ್ಳುವುದು, ಫ್ಯಾನಿನ ಗಾಳಿಗೆ ತಲೆ ಕೊಡದಿರುವುದು, ಎಲ್ಲ ಇದಕ್ಕೆ. ಸಂಜೆ ಮನೆಗೆ ಬಂದು ಕೇಳಿದೆ. ಅವರು ಗೋಡೆ ನೋಡಿಕೊಂಡೇ ಹೇಳಿದರು. "ಹೆಲ್ಮೆಟ್ ಹಾಕಕ್ಕೆ ಸಂಜೆ ಗಂಟು ಬಿಚ್ಲೇಬೇಕು. ಬೆಳಗ್ಗೆ ಅವಳು ಮುಟ್ತಾಳೆ, ಗಂಟೇ ಇರಲ್ಲ. ನನ್ನ ಕೈ ಹೋಯ್ತು ಅಂತಾಳೆ. ಅದಕ್ಕಿಂತ ಗಾಡಿಗೆ ಪೂಜೆ ಆಗ್ದೆ ಇರೋದೇ ವಾಸಿ."

ದೊಡ್ಡತ್ತೆಗೆ ಹೇಳಿಬಿಡೋಣ ಎಂದೆ. ಹೇಳಿದರೆ ಇಷ್ಟು ವರ್ಷ ಬರಿತಲೆಯಲ್ಲಿ ಬಂದದ್ದಕ್ಕೆ ಅಕ್ಕ ಹೆದರಿ, ಇನ್ನು ಬರಲೇ ಬೇಡ ಅನ್ನುತ್ತಾಳೆ ಎಂದರು. ಉಳಿದದ್ದು ಒಂದೇ ದಾರಿ. ಸಂಜೆ ಬಿಚ್ಚಬೇಕು, ಬೆಳಗ್ಗೆ ದೊಡ್ಡತ್ತೆ ಕಟ್ಟಿದ ಹಾಗೆಯೇ ಕಟ್ಟಬೇಕು. ಕಟ್ಟುವವಳು ನಾನು. ನನ್ನ ಕೂದಲು ಭುಜದವರೆಗೂ ಇಲ್ಲ, ಕ್ಲಿಪ್ಪು ಹಾಕುವುದು ಬಿಟ್ಟು ನನಗೆ ಬೇರೆ ವಿದ್ಯೆ ಬರುವುದಿಲ್ಲ. ಮೂರು ದಿನ ಅಡಿಗೆಮನೆಯ ಮಣೆಯ ಮೇಲೆ ಅತ್ತೆಯನ್ನು ಕೂರಿಸಿಕೊಂಡು ಅಭ್ಯಾಸ ಮಾಡಿದೆ. ಬಲಕ್ಕೆ ಮೂರು ಸುತ್ತು, ತುದಿ ಒಳಕ್ಕೆ, ಪಿನ್ನು ಹನ್ನೊಂದು. ಅತ್ತೆ ಹಿಂದಕ್ಕೆ ಕೈಹಾಕಿ ಮುಟ್ಟಿ ನೋಡಿ, "ಇದೇನು ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ದಂಗೆ" ಎನ್ನುತ್ತಿದ್ದರು. ನಾಲ್ಕನೆಯ ದಿನ ಬೈಯಲಿಲ್ಲ.

ಮತ್ತೀಕೆರೆಯಲ್ಲಿ ದೊಡ್ಡತ್ತೆಯ ಮನೆಗೆ ಎರಡು ತಿರುವು ಮೊದಲು ಒಂದು ಹೊಂಗೆಮರವಿದೆ. ಕೆಳಗೆ ಇಸ್ತ್ರಿ ಗಾಡಿ, ಅದನ್ನು ನಡೆಸುವವಳು ಹೆಸರಘಟ್ಟದ ಕಡೆಯ ಹೆಂಗಸು. ಆ ಮರದಡಿ ನಮ್ಮ ಕೆಲಸ ಶುರುವಾಯಿತು. ಬೆಳಗ್ಗೆ ಅಲ್ಲಿ ನಿಲ್ಲಿಸುವುದು, ಅತ್ತೆಯ ಹೆಲ್ಮೆಟ್ಟು ತೆಗೆಯುವುದು, ಗ್ಲೌಸು ಬಿಚ್ಚುವುದು, ತುರುಬು ಕಟ್ಟುವುದು. ಸಂಜೆ ಅಲ್ಲಿಯೇ ನಿಲ್ಲಿಸಿ ಬಿಚ್ಚುವುದು. ನನ್ನ ಗಂಡ ಆರಿಸಿ ತಂದ ಮಳೆಯ ಅಂಗಿಗೆ ಸೀಟಿನ ಕೆಳಗೆ ಜಾಗ ಉಳಿಯಲಿಲ್ಲ. ಅಲ್ಲಿ ಬಾಚಣಿಗೆ, ಎಣ್ಣೆ ಶೀಸೆ, ಪಿನ್ನಿನ ಡಬ್ಬಿ, ಕೂರಲು ಒಂದು ಮಡಚುವ ಸ್ಟೂಲು. ಹೊಸ ಗಾಡಿಯ ಕನ್ನಡಿ ಅಗಲವಾಗಿದೆ ಎಂದು ಅತ್ತೆ ಮೊದಲ ಸಲ ಅದನ್ನು ಹೊಗಳಿದರು.

ನಡುರಸ್ತೆಯಲ್ಲಿ ದಿಂಬಿನ ಜಾಕೆಟ್ಟು, ಹೆಲ್ಮೆಟ್ಟು ತೊಟ್ಟ ಹೆಂಗಸೊಬ್ಬಳು ಮುದುಕಿಯ ತಲೆ ಬಾಚುವುದನ್ನು ನೋಡಲು ಜನಕ್ಕೆ ಪುರಸೊತ್ತಿತ್ತು. ಹಾಲಿಗೆ ಬಂದ ಯಜಮಾನರೊಬ್ಬರು ದಿನಾ ನಿಂತು, "ಸ್ವಲ್ಪ ಎಡಕ್ಕೆ ವಾಲಿದೆ ಕಣಮ್ಮ" ಎಂದು ಹೇಳಿ ಹೋಗುತ್ತಿದ್ದರು. ಇಸ್ತ್ರಿಯವಳು ಪಿನ್ನು ಎಣಿಸಿ ಕೊಡುತ್ತಿದ್ದಳು. ಒಂದು ದಿನ ಟ್ರಾಫಿಕ್ ಪೊಲೀಸಿನವರು ಬಂದು, "ಏನ್ರೀ ಇದು ರೋಡಲ್ಲಿ?" ಎಂದರು. ಅತ್ತೆ ಸ್ಟೂಲಿನಿಂದಲೇ, "ಹೆಲ್ಮೆಟ್ ಹಾಕ್ಕೋಬೇಕಲ್ಲ ಸ್ವಾಮಿ, ಅದಕ್ಕೆ" ಎಂದರು. ಅವರು ನಮ್ಮ ಪಕ್ಕ ಬರುತ್ತಿದ್ದ ಆಟೋಗಳನ್ನು ಆಚೆಯಿಂದ ಹೋಗಲು ಕೈ ತೋರಿಸುತ್ತಾ ನಿಂತರು.

ದೊಡ್ಡತ್ತೆ ದಿನಾ ಮುಟ್ಟಿ ನೋಡಿ, "ಒಂದು ಕೂದ್ಲೂ ಅಲ್ಲಾಡಿಲ್ಲ" ಎನ್ನುತ್ತಿದ್ದರು. ಅತ್ತೆ ನನ್ನತ್ತ ನೋಡಿ ಹುಬ್ಬು ಹಾರಿಸುತ್ತಿದ್ದರು. ಎರಡು ತಿಂಗಳು ಹೀಗೆ ಸಾಗಿತು.

ಆಮೇಲೊಂದು ಶುಕ್ರವಾರ ಆಫೀಸಿನಿಂದ ಬೇಗ ಬಾ ಎಂದು ಫೋನ್ ಮೇಲೆ ಫೋನ್ ಬರುತ್ತಿತ್ತು. ಗ್ಲೌಸು ಬಿಚ್ಚುವ ಅವಸರದಲ್ಲಿ ಪಿನ್ನಿನ ಡಬ್ಬಿ ಕೈಜಾರಿ ಚರಂಡಿಯ ಕಲ್ಲಿನ ಸಂದಿಗೆ ಬಿತ್ತು. ನಾನು ಅಳುವುದೊಂದು ಬಾಕಿ. ಇಸ್ತ್ರಿಯವಳು ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಬಂದಳು. "ಬಿಡ್ರಕ್ಕಾ, ನಾನ್ ಕಟ್ತೀನಿ. ಪಿನ್ನೂ ಬ್ಯಾಡ ಏನೂ ಬ್ಯಾಡ. ನಮ್ಮ್ ಕಡೆ ಇಂಗೇ ಕಟ್ಟೋದು, ಎತ್ತು ಎಳುದ್ರೂ ಬಿಚ್ಚಾಕಿಲ್ಲ." ಎರಡೇ ಎಳೆತಕ್ಕೆ ಕೂದಲನ್ನು ಕೂದಲಿನಲ್ಲೇ ಸಿಕ್ಕಿಸಿ ಗಟ್ಟಿ ಗಂಟು ಹಾಕಿದಳು. ಅದು ಸ್ವಲ್ಪ ಮೇಲಕ್ಕೂ ಬಲಕ್ಕೂ ಕೂತಿತ್ತು. ಗಂಟು ಇದೆಯಲ್ಲ, ಸಾಕು ಅಂದುಕೊಂಡೆವು.

ದೊಡ್ಡತ್ತೆ ಎಂದಿನಂತೆ ಕೈ ಚಾಚಿದರು. ಬೆರಳುಗಳು ಅಲ್ಲೇ ನಿಂತವು. ಮತ್ತೆ ಮುಟ್ಟಿದರು, ಸುತ್ತಲೂ ಸವರಿದರು.

"ನೆನ್ನೆ ನಾನು ಹಿಂಗೆ ಕಟ್ಟಿದ್ನೇನೇ?"

"ಹೂಂ ಅಕ್ಕ. ಹಿಂಗೇ" ಎಂದರು ಅತ್ತೆ.

"ಪಿನ್ನೇ ಇಲ್ವಲ್ಲೇ."

"ನೀನೇ ಬೇಡ ಅಂದೆ ಅಕ್ಕ."

ದೊಡ್ಡತ್ತೆ ಕೈಯನ್ನು ಮಡಿಲಿಗೆ ತಂದುಕೊಂಡರು. ಮುಖ ಸಣ್ಣಗಾಯಿತು. "ನನಗೆ ನೆನಪೇ ಇಲ್ಲ ಪುಟ್ಟಿ. ನಮ್ಮಮ್ಮಂಗೂ ಹಿಂಗೇ ಶುರುವಾಗಿದ್ದು. ಕಣ್ಣು ಆಯ್ತು, ಈಗ ಬುದ್ಧಿನೂ ಹೋಗ್ತಿದೆ" ಎಂದರು.

ಬಾಗಿಲಲ್ಲಿ ನಿಂತಿದ್ದ ನನಗೆ ತಡೆಯಲಾಗಲಿಲ್ಲ. ಕ್ಯಾಮೆರಾದಿಂದ ಹಿಡಿದು ಹೊಂಗೆಮರದವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ದೊಡ್ಡತ್ತೆ ತಲೆ ಎತ್ತಿ, "ಯಾರದು? ಕೊಡದೊಳಗಿಂದ ಮಾತಾಡ್ದಂಗಿದೆ" ಎಂದರು. ಆಗ ಹೆಲ್ಮೆಟ್ಟು ತೆಗೆದು ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಹೇಳುವಾಗ ಅದು ಇನ್ನೂ ಹುಚ್ಚಾಗಿ ಕೇಳಿಸಿತು.

ದೊಡ್ಡತ್ತೆ ತಂಗಿಯ ಹೆಲ್ಮೆಟ್ಟು ತರಿಸಿಕೊಂಡು, ಒಳಗೆ ಕೈ ಹಾಕಿ ಮೆತ್ತನೆಯ ಭಾಗ ಒತ್ತಿ ನೋಡಿದರು. ಹೊರಗೆ ಬೆರಳ ಗೆಣ್ಣಿನಿಂದ ಬಡಿದು ನೋಡಿದರು. ಆಮೇಲೆ ಸಿಟ್ಟಿನಿಂದ, "ತುರುಬು ಯಾರಿಗ್ ಬೇಕಾಗಿತ್ತೇ? ನಿನಗಿಷ್ಟ ಅಂತ ಕಟ್ತಿದ್ದೆ. ಅಷ್ಟು ಬಿಗಿಯಾಗಿ ಸುತ್ತಿದ್ರೆ ನನ್ನ ಬೆರಳು ಹಿಡ್ಕೊಂಡ್ಬಿಡುತ್ತೆ. ಮಧ್ಯಾಹ್ನ ಅನ್ನ ಕಲ್ಸಕ್ಕಾಗಲ್ಲ, ಸ್ಪೂನಲ್ಲಿ ತಿಂತೀನಿ" ಎಂದರು.

"ಸ್ಪೂನು ಜಂಬಕ್ಕೆ ಅಂತ ನಾನು ಆಡ್ಕೊಂಡಿದ್ನಲ್ಲ ಅಕ್ಕ" ಎಂದರು ಅತ್ತೆ, ಮೆಲ್ಲಗೆ.

"ಆಡ್ಕೋ. ನೋಯುತ್ತೆ ಅಂದಿದ್ರೆ ನೀನು ತಲೆ ಕೊಡೋದೇ ನಿಲ್ಲಿಸ್ತಿದ್ದೆ."

ನಾನು ಆಫೀಸಿಗೆ ತಡವಾಗಿ ಹೋಗಿ ಬೈಸಿಕೊಂಡೆ. ಸಂಜೆ ಬಂದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. ತಲೆ ತುಂಬ ಎಣ್ಣೆ, ಕಿವಿಯ ಹಿಂದೆ ಎರಡು ಸಡಿಲ ಜಡೆ, ತುದಿಗೆ ಸ್ವೀಟಿನ ಡಬ್ಬಿಗೆ ಕಟ್ಟಿ ಬಂದಿದ್ದ ಕೆಂಪು ರಿಬ್ಬನ್ನು. ಎಪ್ಪತ್ತನಾಲ್ಕು ವರ್ಷದ ಆ ಮುಖದ ಎರಡೂ ಪಕ್ಕ ರಿಬ್ಬನ್ನು ನೋಡಿ ನಗು ಬಂದರೂ ನಗಲಿಲ್ಲ. ದೊಡ್ಡತ್ತೆ ಗೋಡೆ ಹಿಡಿದು ಬಂದು, ತಂಗಿಯ ತಲೆಗೆ ತಾವೇ ಹೆಲ್ಮೆಟ್ಟು ಇಳಿಸಿದರು. ಅದು ಹಗುರಾಗಿ ಕೂತಿತು. ಗಲ್ಲದ ಕೆಳಗೆ ತಡಕಿ ಬಕಲ್ ಹುಡುಕಿ ಟಕ್ಕೆನಿಸಿದರು.

ದಾರಿಯಲ್ಲಿ ಅತ್ತೆ ಎಂದಿನ ಹಾಗೆ ಗುಂಡಿ ಹೇಳಲಿಲ್ಲ. ಪ್ರತಿ ಹಂಪಿಗೂ ಅವರ ಹೆಲ್ಮೆಟ್ಟು ನನ್ನದಕ್ಕೆ ಬಡಿಯುತ್ತಿತ್ತು. ಗಂಗಮ್ಮನ ಗುಡಿ ಸರ್ಕಲ್ಲಿನಲ್ಲಿ ಕೆಂಪು ಬಿದ್ದು ನಿಂತಾಗ ಹಿಂದಿನಿಂದ ಕೇಳಿಸಿತು.

"ದಿನಾ ನೋಯ್ತಿತ್ತು ಕಣೇ ಅವಳಿಗೆ. ನಾನು ಹಾಯಾಗಿ ತಲೆ ಕೊಟ್ಟು ಕೂತಿರ್ತಿದ್ದೆ."

ನಾನು ತಿರುಗಲು ನೋಡಿದೆ, ಜಾಕೆಟ್ಟಿನ ದಿಂಬು ಬಿಡಲಿಲ್ಲ. ಕನ್ನಡಿಯಲ್ಲಿ ಅವರ ಹೆಲ್ಮೆಟ್ಟಿನ ಗಾಜು ಮಂಜಾಗಿತ್ತು. "ಅಳ್ತಿದೀರಾ ಅತ್ತೆ?" ಎಂದೆ.

"ಇದರೊಳಗೆ ಮೂಗು ಒರೆಸ್ಕೊಳ್ಳೋದು ಹೆಂಗೆ, ಮೊದ್ಲು ಅದನ್ನ ಹೇಳು."

"ಗಾಜು ಮೇಲಕ್ಕೆ ಎತ್ತಿ."

ಅವರು ತಡಕಾಡುತ್ತಿದ್ದಾಗ ಹಸಿರು ಬಿತ್ತು. ಹಿಂದಿದ್ದವರೆಲ್ಲ ಹಾರ್ನ್ ಹೊಡೆದರು, ಬೈದರು. ಅತ್ತೆ ಸೆರಗು ತೆಗೆದು ಮೂಗು ಒರೆಸಿಕೊಂಡು ಮುಗಿಸುವವರೆಗೆ ನಾನು ಗಾಡಿ ಬಿಡಲಿಲ್ಲ.